ಪೈಲಟ್ ತರಬೇತಿಗೆ ಸಾಲ ಮಾಡುವ ಮೊದಲು ಹಾಕಬೇಕಾದ ಲೆಕ್ಕ

ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮದಂತೆ ಎರಡನೇ ದರ್ಜೆಯ, ಅನಂತರ ಒಂದನೇ ದರ್ಜೆಯ ಪ್ರಮಾಣಪತ್ರ ಕೈಗೆ ಬರುವವರೆಗೆ ಜಮೀನು ಅಡವಿಡುವ ಮಾತೇ ಬೇಡ. ವಾಣಿಜ್ಯ ಪರವಾನಗಿಗೆ ಕನಿಷ್ಠ 200 ಗಂಟೆಗಳ ಹಾರಾಟ ಬೇಕು. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಾಗಲಿ, ಖಾಸಗಿ ಸಂಸ್ಥೆಯಾಗಲಿ, ಶುಲ್ಕ ಕೇಳುವಾಗಲೇ ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಹಿಂದಿನ ತಂಡಕ್ಕೆ ಆ ಗಂಟೆಗಳನ್ನು ಪೂರೈಸಲು ಎಷ್ಟು ತಿಂಗಳು ಹಿಡಿಯಿತು ಎಂಬುದನ್ನು ವಿಚಾರಿಸಿ, ಏಕೆಂದರೆ ತಡವಾದಷ್ಟೂ ಬಡ್ಡಿ ಬೆಳೆಯುತ್ತದೆ.

ಪರವಾನಗಿಯೊಂದೇ ಕೆಲಸ ಕೊಡಿಸುವುದಿಲ್ಲ. ಏರ್‌ಬಸ್ 320 ಅಥವಾ ಬೋಯಿಂಗ್ 737ರಂಥ ನಿರ್ದಿಷ್ಟ ವಿಮಾನದ ಟೈಪ್ ರೇಟಿಂಗ್, ಅಂದರೆ ಆ ಮಾದರಿಯನ್ನು ಹಾರಿಸುವ ಅರ್ಹತೆ, ಬೇರೆಯೇ ಇದ್ದು, ಅದರ ಖರ್ಚನ್ನು ಅನೇಕ ವೇಳೆ ಅಭ್ಯರ್ಥಿಯೇ ಭರಿಸಬೇಕಾಗುತ್ತದೆ. ಎಲ್ಲ ಸೇರಿ ಮೊತ್ತ ಅರ್ಧ ಕೋಟಿ ರೂಪಾಯಿ ದಾಟುವುದು ಅಪರೂಪವೇನಲ್ಲ. ಆದ್ದರಿಂದ ಎಲ್ಲರ ಬಾಯಲ್ಲೂ ಓಡಾಡುವ ಕ್ಯಾಪ್ಟನ್ ಸಂಬಳವನ್ನಲ್ಲ, ಸಹಪೈಲಟ್‌ನ ಆರಂಭಿಕ ಸಂಬಳವನ್ನು ಸಾಲದ ಕಂತಿನೊಂದಿಗೆ ತಾಳೆ ಹಾಕಿ, ಕೆಲಸ ಸಿಗದೆ ಕಳೆಯಬಹುದಾದ ಒಂದೆರಡು ವರ್ಷಗಳ ಬಡ್ಡಿಯನ್ನೂ ಸೇರಿಸಿ. ಇದು ಅತಿಯಾದ ಎಚ್ಚರವಲ್ಲ: ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದಾಗ ಅನುಭವಿ ಪೈಲಟ್‌ಗಳೇ ಹೊಸ ಕೆಲಸ ಹುಡುಕಬೇಕಾಯಿತು.

65ರ ವಯಸ್ಸಿನವರೆಗೆ ಹಾರಲು ಅವಕಾಶವಿರುವುದರಿಂದ, ಇಪ್ಪತ್ತೈದರ ಆಸುಪಾಸಿನಲ್ಲಿ ಕೆಲಸ ಹಿಡಿದವರಿಗೆ ಹಾಕಿದ ಹಣ ಮರಳುತ್ತದೆ ಎಂಬುದು ನನ್ನ ಅಂದಾಜು. ಮನೆಯ ಏಕೈಕ ಆಸ್ತಿಯನ್ನು ಒತ್ತೆಯಿಟ್ಟು ಹೊರಡುವವರಿಗೆ ಮಾತ್ರ ಈ ದಾರಿಯನ್ನು ನಾನು ಸೂಚಿಸಲಾರೆ.