7,000 ಎಂಬಿ ಡ್ರೈವ್ ಕೊಳ್ಳುವ ಮುಂಚೆ

ಬೆಂಗಳೂರಿನ ಎಡಿಟಿಂಗ್ ಸ್ಟುಡಿಯೋಗಳಿಗೆ, ಕೆಲವು ಸಣ್ಣ ಆಫೀಸುಗಳಿಗೆ ವರ್ಕ್‌ಸ್ಟೇಷನ್, ಸರ್ವರ್ ಜೋಡಿಸಿ ಕೊಡುವುದು ನನ್ನ ಕೆಲಸ. ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಒಂದು ಸುತ್ತು ಹಾಕಿ, ಎಸ್‌ಎಸ್‌ಡಿ (ಫ್ಲ್ಯಾಷ್ ಚಿಪ್‌ನಲ್ಲಿ ಡೇಟಾ ಇಡುವ ಡ್ರೈವ್) ನೋಡಿ ಬಂದವರು ಕೇಳುವುದು ಒಂದೇ: "ಸಾರ್, ಇದು 7,000 ಎಂಬಿ ಅಂತೆ, ಅದು 14,000 ಅಂತೆ. ಯಾವ್ದು ತಗೊಳ್ಳಲಿ?" ಅವರು ಹೇಳುವ ಅಂಕಿ ಡ್ರೈವಿನ ವೇಗ, ಸೆಕೆಂಡಿಗೆ ಇಷ್ಟು ಮೆಗಾಬೈಟ್ ಅಂತ. ನಾನು ತಿರುಗಿಸಿ ಕೇಳುತ್ತೇನೆ: ನಿಮ್ಮ ಫೈಲು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ?

ಸ್ವಲ್ಪ ಲೆಕ್ಕ ಹಾಕೋಣ. ಎಡಿಟಿಂಗ್‌ನಲ್ಲಿ ಬಳಸುವ ಪ್ರೋರೆಸ್ 422 ಎಚ್‌ಕ್ಯೂ ಫಾರ್ಮ್ಯಾಟಿನ 4ಕೆ ವಿಡಿಯೋ ಸೆಕೆಂಡಿಗೆ 25 ಫ್ರೇಮ್ ಇದ್ದರೆ ಸೆಕೆಂಡಿಗೆ ಸುಮಾರು 737 ಮೆಗಾಬಿಟ್ ಬೇಕು, ಅಂದರೆ (8 ಬಿಟ್‌ಗೆ ಒಂದು ಬೈಟ್) 92 ಎಂಬಿ. ಸಾಟಾ ಎಂಬ ಹಳೇ ಜೋಡಣೆಯ ಎಸ್‌ಎಸ್‌ಡಿ ಕೂಡ 550 ಎಂಬಿ ಓದುತ್ತದೆ. ಅದರಲ್ಲೇ ನಾಲ್ಕೈದು ಲೇಯರ್ ಆರಾಮಾಗಿ ಓಡುತ್ತವೆ. ಇನ್ನು ಫೂಟೇಜ್ ಇರುವುದು ನೆಟ್‌ವರ್ಕ್ ಸ್ಟೋರೇಜಿನಲ್ಲಿ, ಮಧ್ಯೆ ಇರುವುದು 1 ಗಿಗಾಬಿಟ್ ಲೈನ್ ಅಂತಾದರೆ, ಯಾವ ಡ್ರೈವ್ ಹಾಕಿದರೂ ಸಿಗುವುದು ಸೆಕೆಂಡಿಗೆ 110 ಎಂಬಿ ಆಸುಪಾಸು ಮಾತ್ರ. ಅಂಥವರಿಗೆ ಆ ದುಡ್ಡಲ್ಲಿ 10 ಗಿಗಾಬಿಟ್ ಸ್ವಿಚ್ ಮತ್ತು ಕಾರ್ಡ್ ಹಾಕಿಸಿ ಅನ್ನುತ್ತೇನೆ. ವೇಗದ ಡ್ರೈವ್ ನಿಜವಾಗಿ ಬೇಕಾಗುವುದು 8ಕೆ ರಾ ಫೂಟೇಜ್, ವಿಎಫ್‌ಎಕ್ಸ್ ಕ್ಯಾಷ್, ಒಂದೇ ಸರ್ವರ್‌ನಲ್ಲಿ ಹತ್ತಾರು ವರ್ಚುವಲ್ ಮೆಷಿನ್, ಡೇಟಾಬೇಸ್, ಇಂಥ ಕೆಲಸಕ್ಕೆ.

ಬೇಕು ಅಂತ ಖಾತ್ರಿಯಾದ ಮೇಲೆ ಮದರ್‌ಬೋರ್ಡ್ ಮ್ಯಾನ್ಯುವಲ್ ತೆಗೆಯಿರಿ. ಯಾರೂ ಓದಲ್ಲ, ಗೊತ್ತು. ಆದರೂ ಎಂ.2 ಸ್ಲಾಟ್‌ಗಳ (ವೇಗದ ಎಸ್‌ಎಸ್‌ಡಿ ಕೂರುವ ಜಾಗ) ಪುಟ ಓದಲೇಬೇಕು. ಲೇನ್ ಅಂದರೆ ಡೇಟಾ ಓಡಾಡುವ ದಾರಿ, ಜೆನ್ ಅಂದರೆ ಆ ದಾರಿಯ ತಲೆಮಾರು. 4 ಲೇನ್ ಸಿಕ್ಕರೆ ಜೆನ್ 3 ಸುಮಾರು 3,500 ಎಂಬಿ, ಜೆನ್ 4 ಸುಮಾರು 7,000, ಜೆನ್ 5 ಸುಮಾರು 14,000 ಕೊಡುತ್ತದೆ. ಆದರೆ ಬೋರ್ಡಿನ ಎಲ್ಲಾ ಸ್ಲಾಟೂ ಒಂದೇ ಅಲ್ಲ. ಒಂದು ನೇರ ಪ್ರೊಸೆಸರ್‌ಗೆ ಹೋಗುತ್ತದೆ, ಇನ್ನೊಂದು ಚಿಪ್‌ಸೆಟ್ ಮೂಲಕ ಹೋಗಿ ಯುಎಸ್‌ಬಿ, ನೆಟ್‌ವರ್ಕ್ ಜೊತೆ ದಾರಿ ಹಂಚಿಕೊಳ್ಳುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಒಂದು ಎಂ.2 ತುಂಬಿದರೆ ಎರಡು ಸಾಟಾ ಪೋರ್ಟ್ ಸತ್ತು ಹೋಗುತ್ತವೆ, ಇಲ್ಲಾಂದ್ರೆ ಗ್ರಾಫಿಕ್ಸ್ ಕಾರ್ಡ್ 16 ಲೇನ್‌ನಿಂದ 8ಕ್ಕೆ ಇಳಿಯುತ್ತದೆ. ಒಂದೇ ಕಾರ್ಡಿನಲ್ಲಿ ನಾಲ್ಕು ಎಂ.2 ಕೂರಿಸುವ ಅಗ್ಗದ ಅಡಾಪ್ಟರ್ ಇದೆಯಲ್ಲ, ಅದು ಕೆಲಸ ಮಾಡಬೇಕಾದರೆ ಬೋರ್ಡಿನ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ 16 ಲೇನನ್ನು ನಾಲ್ಕು ನಾಲ್ಕಾಗಿ ಒಡೆಯುವ ಬೈಫರ್ಕೇಷನ್ ಆಯ್ಕೆ ಇರಬೇಕು. ಇಲ್ಲದಿದ್ದರೆ ನಾಲ್ಕರಲ್ಲಿ ಒಂದೇ ಕಾಣಿಸಬಹುದು.

ಕೂರಿಸಿದ ಮೇಲೆ ಪರೀಕ್ಷಿಸಿ. ಲಿನಕ್ಸ್‌ನಲ್ಲಿ ರೂಟ್ (ಅಡ್ಮಿನ್) ಆಗಿ ಎಲ್‌ಎಸ್‌ಪಿಸಿಐ (lspci) ಕಮಾಂಡ್ ಅನ್ನು ವಿವರವಾದ ಔಟ್‌ಪುಟ್ ಬರುವಂತೆ ಓಡಿಸಿ, ಲಿಂಕ್ ಸ್ಟೇಟಸ್ ಸಾಲು ಹುಡುಕಿ. ವೇಗ 8 ಅಂತಿದ್ದರೆ ಜೆನ್ 3, 16 ಇದ್ದರೆ ಜೆನ್ 4, 32 ಇದ್ದರೆ ಜೆನ್ 5. ಪಕ್ಕದಲ್ಲಿ 4 ಲೇನ್ ಇರಬೇಕು. ಜೆನ್ 4 ಡ್ರೈವ್ ಹಾಕಿ ಅಲ್ಲಿ 8 ಕಂಡರೆ, ಅಥವಾ 2 ಲೇನ್ ಅಂತ ಬಂದರೆ, ಮೊದಲು ಸ್ಲಾಟ್ ಬದಲಿಸಿ ನೋಡಿ.

ಈಗ ಡಬ್ಬಿಯ ಮೇಲಿನ ಅಂಕಿಯ ವಿಷಯ. ಅದು ಸುಳ್ಳಲ್ಲ, ಆದರೆ ಶುರುವಿನ ವೇಗ. ಫ್ಲ್ಯಾಷ್ ಚಿಪ್ ಡೇಟಾ ಇಡುವುದು ಸೆಲ್ ಎಂಬ ಪುಟ್ಟ ಪುಟ್ಟ ಗೂಡುಗಳಲ್ಲಿ. ಇವತ್ತಿನ ಟಿಎಲ್‌ಸಿ ಡ್ರೈವ್ ಒಂದು ಸೆಲ್‌ನಲ್ಲಿ 3 ಬಿಟ್ ಇಡುತ್ತದೆ, ಕ್ಯೂಎಲ್‌ಸಿ 4 ಬಿಟ್. ಹಾಗೆ ಬರೆಯುವುದು ನಿಧಾನ. ಅದಕ್ಕೇ ಡ್ರೈವ್ ಒಂದಷ್ಟು ಜಾಗವನ್ನು ಸೆಲ್‌ಗೆ ಒಂದೇ ಬಿಟ್ ಅಂತ ಬಳಸಿ, ಬಂದದ್ದನ್ನೆಲ್ಲ ಮೊದಲು ಅಲ್ಲಿ ಹಾಕಿಕೊಳ್ಳುತ್ತದೆ. ಲಾರಿಯಿಂದ ಇಳಿಸಿದ ಮೂಟೆಗಳನ್ನು ಮೊದಲು ಜಗುಲಿ ಮೇಲೆ ಒಟ್ಟಿ, ಆಮೇಲೆ ಒಳಗೆ ಸಾಗಿಸಿದ ಹಾಗೆ. ಜಗುಲಿ ತುಂಬಿತೋ, ವೇಗ ದಬಕ್ಕನೆ ಬೀಳುತ್ತದೆ. ಕೆಲವು ಕ್ಯೂಎಲ್‌ಸಿ ಡ್ರೈವ್‌ಗಳು ಆಗ ಹಾರ್ಡ್‌ಡಿಸ್ಕ್‌ಗಿಂತ ನಿಧಾನ. ಡ್ರೈವ್ ಅರ್ಧಕ್ಕಿಂತ ಜಾಸ್ತಿ ತುಂಬಿದ್ದರೆ ಜಗುಲಿಯೂ ಸಾಮಾನ್ಯವಾಗಿ ಕಿರಿದಾಗುತ್ತದೆ. ಹಾಗಾಗಿ 1 ಜಿಬಿ ಬರೆದು ತೋರಿಸುವ ಬೆಂಚ್‌ಮಾರ್ಕ್ ನಂಬಬೇಡಿ. ಎಫ್‌ಐಓ (fio) ಎಂಬ ಪರೀಕ್ಷೆಯ ಪ್ರೋಗ್ರಾಂ ಬಳಸಿ, ಡ್ರೈವಿನ ಅಳತೆಯ ಕಾಲು ಭಾಗವನ್ನಾದರೂ ಒಂದೇ ಸಮನೆ ಬರೆಸಿ, ಕೊನೆಯ ನಿಮಿಷಗಳ ವೇಗ ನೋಡಿ. ನಿಮ್ಮದು ಅದೇ. ಒಂದು ಎಚ್ಚರ: ಪರೀಕ್ಷೆಯನ್ನು ಫೈಲಿನ ಮೇಲೆ ಮಾಡಿ. ಡಿವೈಸ್ ಹೆಸರನ್ನೇ ಕೊಟ್ಟು ಬರೆಸಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ.

ಸರ್ವರ್‌ಗಾದರೆ ನಾನು ವೇಗಕ್ಕಿಂತ ಮೊದಲು ನೋಡುವುದು ಪವರ್ ಲಾಸ್ ಪ್ರೊಟೆಕ್ಷನ್. ಡ್ರೈವಿನ ಮೇಲೆ ಪುಟ್ಟ ಕೆಪಾಸಿಟರ್‌ಗಳ ಸಾಲು ಇರುತ್ತದೆ. ಕರೆಂಟ್ ಹೋದಾಗ ಡ್ರೈವಿನ ಒಳಗಿನ ರ‍್ಯಾಮ್‌ನಲ್ಲಿದ್ದದ್ದನ್ನು ಫ್ಲ್ಯಾಷ್‌ಗೆ ಇಳಿಸುವಷ್ಟು ಶಕ್ತಿ ಅವುಗಳಲ್ಲಿರುತ್ತದೆ. ಇದರಿಂದ ಇನ್ನೊಂದು ಲಾಭ ಇದೆ, ಅದನ್ನು ಅಂಗಡಿಯಲ್ಲಿ ಹೇಳುವವರು ಕಡಿಮೆ. ಡೇಟಾಬೇಸ್ ಪ್ರತಿ ಕಮಿಟ್‌ಗೂ (ಒಂದು ಬದಲಾವಣೆಯನ್ನು ಕಾಯಂ ಮಾಡುವಾಗಲೆಲ್ಲ) "ಗಟ್ಟಿಯಾಗಿ ಬರೆದೆಯಾ?" ಅಂತ ಡ್ರೈವನ್ನು ಕೇಳುತ್ತದೆ. ಸಾಮಾನ್ಯ ಡ್ರೈವ್ ನಿಜವಾಗಿ ಫ್ಲ್ಯಾಷ್‌ಗೆ ಬರೆದ ಮೇಲೇ ಹೌದು ಅನ್ನಬೇಕು. ಕೆಪಾಸಿಟರ್ ಇರುವ ಡ್ರೈವ್, ಡೇಟಾ ತನ್ನ ರ‍್ಯಾಮ್‌ಗೆ ಬಂದ ತಕ್ಷಣ ಧೈರ್ಯವಾಗಿ ಹೌದು ಅನ್ನುತ್ತದೆ. ಡಬ್ಬಿ ಮೇಲೆ 7,000 ಅಂತಿರುವ ಗೇಮಿಂಗ್ ಡ್ರೈವ್ ಈ ಕೆಲಸದಲ್ಲಿ ಹಳೇ ಸಾಟಾ ಸರ್ವರ್ ಡ್ರೈವಿನ ಮುಂದೆ ಸೋಲಬಹುದು. ಎಫ್‌ಐಓದಲ್ಲಿ 4 ಕೆಬಿ ಬ್ಲಾಕ್, ಪ್ರತಿ ಬರಹಕ್ಕೂ ಎಫ್‌ಸಿಂಕ್ (ಗಟ್ಟಿಯಾಗಿ ಬರೆ ಅನ್ನುವ ಆಜ್ಞೆ) ಹಾಕಿ ಓಡಿಸಿದರೆ ನಿಮಗೇ ಕಾಣುತ್ತದೆ. "ಯುಪಿಎಸ್ ಇದೆಯಲ್ಲ ಸಾರ್" ಅನ್ನುತ್ತಾರೆ. ಯುಪಿಎಸ್ ಇದ್ದರೂ ಕಂಪ್ಯೂಟರ್ ಒಳಗಿನ ಪವರ್ ಸಪ್ಲೈ (ಎಸ್‌ಎಂಪಿಎಸ್) ಸುಡಬಹುದು, ಕಸ ಗುಡಿಸುವಾಗ ಪ್ಲಗ್ ಕಳಚಬಹುದು.

ಬಾಳಿಕೆಗೂ ಲೆಕ್ಕ ಇದೆ. 1.92 ಟಿಬಿ ಸರ್ವರ್ ಡ್ರೈವ್‌ಗೆ ದಿನಕ್ಕೆ ಒಂದು ಸಲ ಪೂರ್ತಿ ಬರೆಯುವ ಸಾಮರ್ಥ್ಯ, 5 ವರ್ಷ ಅಂತಿದ್ದರೆ ಒಟ್ಟು ಸುಮಾರು 3,500 ಟಿಬಿ. ಸ್ಯಾಮ್ಸಂಗ್ 990 ಪ್ರೋ 2 ಟಿಬಿಗೆ ವಾರಂಟಿ 1,200 ಟಿಬಿ. ಒಬ್ಬ ಎಡಿಟರ್‌ಗೆ 1,200 ಧಾರಾಳ. ಹಗಲೂ ರಾತ್ರಿ ಲಾಗ್ ಬರೆಯುವ ಸರ್ವರ್‌ಗೆ ಅಲ್ಲ.

ಬಿಸಿಯ ವಿಷಯದಲ್ಲಿ ಹೇಳುವುದು ಕಮ್ಮಿ: ಗ್ರಾಫಿಕ್ಸ್ ಕಾರ್ಡಿನ ಕೆಳಗಿನ ಸ್ಲಾಟ್ ತಪ್ಪಿಸಿ, ಜೆನ್ 5ಕ್ಕೆ ಹೀಟ್‌ಸಿಂಕ್ ಕಡ್ಡಾಯ, ಮತ್ತು ಥರ್ಮಲ್ ಪ್ಯಾಡ್ ಮೇಲಿನ ಪ್ಲಾಸ್ಟಿಕ್ ಪದರ ಕಿತ್ತು ಹಾಕಿ. ಉಬುಂಟುವಿನಲ್ಲಿ ಟ್ರಿಮ್ (ಅಳಿಸಿದ ಫೈಲಿನ ಜಾಗ ಖಾಲಿ ಅಂತ ಡ್ರೈವಿಗೆ ತಿಳಿಸುವ ಕೆಲಸ) ವಾರಕ್ಕೊಮ್ಮೆ ತಾನೇ ಓಡುತ್ತದೆ. ಆದರೆ ಹಲವು ಡ್ರೈವ್‌ಗಳನ್ನು ಒಂದಾಗಿ ಕೂಡಿಸುವ ಹಾರ್ಡ್‌ವೇರ್ ರೇಡ್ ಕಾರ್ಡ್ ಹಿಂದಿರುವ ಡ್ರೈವ್‌ಗೆ ಅದು ತಲುಪುತ್ತದಾ ಅಂತ ನೋಡಿಕೊಳ್ಳಿ.

ಫರ್ಮ್‌ವೇರ್, ಅಂದರೆ ಡ್ರೈವಿನ ಒಳಗೇ ಓಡುವ ಸಾಫ್ಟ್‌ವೇರ್, ಮಾತ್ರ ಉದಾಸೀನ ಮಾಡಬೇಡಿ. 2019ರಲ್ಲಿ ಸರ್ವರ್ ತಯಾರಿಸುವ ಎಚ್‌ಪಿಇ ಕಂಪನಿ ಒಂದು ಎಚ್ಚರಿಕೆ ಹೊರಡಿಸಿತ್ತು: ಫರ್ಮ್‌ವೇರ್ ದೋಷದಿಂದ ಅದರ ಕೆಲವು ಎಸ್‌ಎಎಸ್ (ಸರ್ವರ್‌ಗೆ ಹಾಕುವ ಬಗೆಯ) ಎಸ್‌ಎಸ್‌ಡಿಗಳು 32,768 ಗಂಟೆ ಓಡಿದ ಕೂಡಲೇ ಸಾಯುತ್ತವೆ, ಡೇಟಾ ಸಮೇತ. ಅಂದರೆ 3 ವರ್ಷ, 270 ದಿನ, 8 ಗಂಟೆ. 2ರ 15ನೇ ಘಾತ ಅದು, 16 ಬಿಟ್ ಕೌಂಟರ್ ತುಂಬಿ ಹೋಗುವ ಜಾಗ, ಪ್ರೋಗ್ರಾಮರ್‌ಗಳಿಗೆ ಕಂಡ ತಕ್ಷಣ ನಗು ಬರುವ ಸಂಖ್ಯೆ. ರೇಡ್‌ನಲ್ಲಿ ಒಂದೇ ದಿನ ಆನ್ ಮಾಡಿದ ಡ್ರೈವ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಗಳಿಗೆಯಲ್ಲಿ ಹೋಗುತ್ತಿದ್ದವು. ಹೊಸ ಫರ್ಮ್‌ವೇರ್ ಹಾಕಿದವರು ಉಳಿದುಕೊಂಡರು. ನಾನು ಮಿರರ್ ಮಾಡುವಾಗ (ಒಂದೇ ಡೇಟಾವನ್ನು ಎರಡು ಡ್ರೈವ್‌ನಲ್ಲಿ ಇಡುವಾಗ) ಎರಡು ಡ್ರೈವನ್ನು ಬೇರೆ ಬೇರೆ ಬ್ಯಾಚ್‌ನಿಂದ ತರುವುದು, ಆಗಾಗ ಎರಡು ಬೇರೆ ಕಂಪನಿಯದೇ ಹಾಕುವುದು ಇದಕ್ಕೇ.

ಕೊನೆಗೆ, ಮನೆಗೆ ತಂದ ದಿನವೇ ಡ್ರೈವಿನ ದಾಖಲೆ ತೋರಿಸುವ ಸ್ಮಾರ್ಟ್‌ಸಿಟಿಎಲ್ (smartctl) ಓಡಿಸಿ. ವಿಂಡೋಸ್‌ನಲ್ಲಾದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಕು. ಓಡಿದ ಗಂಟೆ, ಬರೆದ ಡೇಟಾ, ಎರಡೂ ಸೊನ್ನೆಯ ಹತ್ತಿರ ಇರಬೇಕು. ಸೀರಿಯಲ್ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡಿ. ಹೊಸದು ಅಂತ ಕೊಟ್ಟ ಡ್ರೈವ್ ಆಗಲೇ ನೂರಾರು ಗಂಟೆ ಓಡಿದೆ ಅಂತ ಕಂಡರೆ ಸ್ಕ್ರೀನ್‌ಶಾಟ್ ತೆಗೆದು, ಬಿಲ್ ಹಿಡಿದು ಅವತ್ತೇ ಅಂಗಡಿಗೆ ಹೋಗಿ.