ನಳಿಕೆಯ ಮೇಲಿನ ಪೊರೆ ಯಾರದು?

ಪುಣೆಯ ಪ್ರಯೋಗಾಲಯವೊಂದರಲ್ಲಿ ಬಹುಗೋಡೆಯ ಕಾರ್ಬನ್ ನ್ಯಾನೊಟ್ಯೂಬ್‌ಗಳನ್ನು, ಅಂದರೆ ಒಂದರೊಳಗೊಂದು ಕೂತ ಇಂಗಾಲದ ಅತಿಸಣ್ಣ ನಳಿಕೆಗಳನ್ನು, ಎಲೆಕ್ಟ್ರಾನ್ ಕಿರಣವನ್ನು ಮಾದರಿಯ ಮೂಲಕ ಹಾಯಿಸಿ ಚಿತ್ರ ತೆಗೆಯುವ ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಲು ತೊಡಗಿದಾಗ, ಪ್ರತಿ ನಳಿಕೆಯ ಮೈಮೇಲೂ ಎರಡು ಮೂರು ನ್ಯಾನೊಮೀಟರ್ ದಪ್ಪದ, ಯಾವ ಕ್ರಮವೂ ಇಲ್ಲದ ಪೊರೆಯೊಂದು ನನಗೆ ಕಾಣುತ್ತಿತ್ತು. ಅದು ನಳಿಕೆಗಳನ್ನು ಬೆಳೆಸುವ ಕುಲುಮೆಯಲ್ಲಿ ಅಸಿಟಿಲೀನ್ ಅನಿಲ ಅರೆಬರೆ ಒಡೆದು ಕೂತ ಇಂಗಾಲವೆಂದು ನಂಬಿ, ಕುಲುಮೆಯ ಉಷ್ಣತೆಯನ್ನು ಬದಲಿಸುತ್ತ ಎರಡು ತಿಂಗಳು ಕಳೆದೆ. ಪೊರೆ ಕದಲಲಿಲ್ಲ.

ಯಂತ್ರವನ್ನು ವರ್ಷಗಟ್ಟಲೆ ನಡೆಸಿದ್ದ, ಧಾರವಾಡದ ಕಡೆಯ ಹಿರಿಯರೊಬ್ಬರು ನನ್ನ ಚಿತ್ರಗಳನ್ನು ನೋಡಿ, "ತಮ್ಮಾ, ಒಂದ ನಳಿಗಿ ಮ್ಯಾಲೆ ಐದು ನಿಮಿಷ ಕಿರಣ ಹಂಗ ಬಿಟ್ಟು ನೋಡು" ಎಂದರು. ನೋಡುತ್ತಿದ್ದಂತೆಯೇ ಪೊರೆ ದಪ್ಪವಾಯಿತು. ದ್ರಾವಕದಿಂದ ಉಳಿದ ಹೈಡ್ರೊಕಾರ್ಬನ್ ಅಂಶಗಳು ಕಿರಣ ಬಿದ್ದಲ್ಲಿ ಒಡೆದು ಇಂಗಾಲವಾಗಿ ಅಂಟಿಕೊಳ್ಳುತ್ತಿದ್ದವು. ಅಂದರೆ ನಾನು ಅಳೆಯುತ್ತಿದ್ದ ಪೊರೆಯ ಬಹುಪಾಲನ್ನು ನೋಡುವ ಕ್ರಿಯೆಯಲ್ಲಿ ನಾನೇ ಬೆಳೆಸುತ್ತಿದ್ದೆ.

ಅಂದಿನಿಂದ ಮಾದರಿಯ ತಯಾರಿಯನ್ನೇ ಬದಲಿಸಿದೆ. ಹೊಸ ಬಾಟಲಿಯ ಎಥನಾಲ್‌ನಲ್ಲಿ ಚಿಟಿಕೆಗಿಂತ ಕಡಿಮೆ ಪುಡಿ ಹಾಕಿ, ನಳಿಕೆಗಳು ಮುರಿಯದಂತೆ ಕೆಲವೇ ನಿಮಿಷ ಸೋನಿಕೇಟರ್‌ನಲ್ಲಿಟ್ಟು (ಶಬ್ದದ ಅಲೆಗಳಿಂದ ಪುಡಿಯ ಗಂಟು ಬಿಡಿಸುವ ಯಂತ್ರ), ಮಾದರಿಯನ್ನು ಹೊರುವ 3 ಮಿಲಿಮೀಟರ್ ಅಗಲದ ತಾಮ್ರದ ಜಾಲರಿಯಾದ ಗ್ರಿಡ್ ಮೇಲೆ ಒಂದೇ ಹನಿ ಬಿಡುತ್ತೇನೆ. ಚಿಮುಟದ ತುದಿಯಲ್ಲಿ ನಿಲ್ಲುವ ಹೆಚ್ಚಿನ ದ್ರವವನ್ನು ಫಿಲ್ಟರ್ ಕಾಗದದ ಅಂಚು ಹೀರಿಕೊಳ್ಳುತ್ತದೆ. ಗ್ರಿಡ್‌ನ ಆಧಾರಪೊರೆಯೂ ಇಂಗಾಲವೇ ಆದ್ದರಿಂದ, ಆ ಪೊರೆಯ ತೂತಿನ ಮೇಲೆ ಚಾಚಿಕೊಂಡ ನಳಿಕೆಗಳನ್ನಷ್ಟೇ ಪರಿಗಣಿಸುತ್ತೇನೆ. ಮಳೆಗಾಲದಲ್ಲಿ ಗ್ರಿಡ್ಡನ್ನು ರಾತ್ರಿಯಿಡೀ ನಿರ್ವಾತದಲ್ಲಿ ಒಣಗಿಸದೆ ಒಳಗೆ ಹಾಕುವುದಿಲ್ಲ.

ಎಲೆಕ್ಟ್ರಾನುಗಳಿಗೆ ವೇಗ ಕೊಡುವ ವೋಲ್ಟೇಜಿನ ಆಯ್ಕೆ ಇನ್ನೂ ಮುಖ್ಯ. 200 ಕಿಲೊವೋಲ್ಟ್‌ನಲ್ಲಿ ಚಿತ್ರ ಚೂಪಾಗಿರುತ್ತದೆ, ಆದರೆ ಎಲೆಕ್ಟ್ರಾನುಗಳು ಇಂಗಾಲದ ಪರಮಾಣುಗಳನ್ನು ಸ್ಥಾನದಿಂದ ಹೊಡೆದುಹಾಕುವುದರಿಂದ ನೆಟ್ಟಗಿದ್ದ ಗೋಡೆಗಳು ಕಣ್ಣೆದುರೇ ಡೊಂಕಾಗುತ್ತವೆ. ಈ ಹಾನಿಯ ಹೊಸ್ತಿಲು ಸುಮಾರು 86 ಕಿಲೊವೋಲ್ಟ್ ಆಗಿರುವುದರಿಂದ 80ಕ್ಕೆ ಇಳಿಸಿಕೊಂಡೆ. ಪಕ್ಕದ ಜಾಗದಲ್ಲಿ ಫೋಕಸ್ ಮಾಡಿ, ಬೇಕಾದ ನಳಿಕೆಗೆ ಸರಿದು, ಕೂಡಲೇ ಚಿತ್ರ ತೆಗೆಯುತ್ತೇನೆ.

1991ರಲ್ಲಿ ಜಪಾನಿನ ವಿಜ್ಞಾನಿ ಸುಮಿಯೊ ಇಜಿಮಾ ಜಗತ್ತಿನ ಗಮನಕ್ಕೆ ತಂದದ್ದೂ ಇಂಥ ಚಿತ್ರಗಳನ್ನೇ: ಟೊಳ್ಳಿನ ಎರಡೂ ಬದಿಗೆ ಒಂದೇ ಸಂಖ್ಯೆಯ ಕಪ್ಪು ಗೆರೆಗಳು (ಒಂದೊಂದು ಗೆರೆಯೂ ಒಂದು ಗೋಡೆ), ಗೆರೆಗಳ ನಡುವೆ ಸುಮಾರು 0.34 ನ್ಯಾನೊಮೀಟರ್ ಅಂತರ. ಇದನ್ನು ಅಳೆಯುವ ಮುನ್ನ ಚಿನ್ನದ ಪರಮಾಣು ಪದರಗಳ ನಡುವಿನ 0.235 ನ್ಯಾನೊಮೀಟರ್ ಅಂತರದಿಂದ ಮಾಪಕವನ್ನು ಸರಿಹೊಂದಿಸುತ್ತೇನೆ. ಫೋಕಸ್ ತುಸು ತಪ್ಪಿದರೂ ಹೊರಅಂಚಿನಲ್ಲಿ ಮೂಡುವ ಫ್ರೆನೆಲ್ ಗೆರೆ (ಎಲೆಕ್ಟ್ರಾನ್ ಅಲೆಗಳು ಅಂಚಿನಲ್ಲಿ ಬಾಗಿ ಮೂಡಿಸುವ ಹುಸಿಗೆರೆ) ಇನ್ನೊಂದು ಗೋಡೆಯಂತೆ ಕಾಣುತ್ತದೆ. ಹಾಗಾಗಿ ಒಂದೇ ಚಿತ್ರವನ್ನು ನಂಬಿ ಎಣಿಸುವುದು ನನ್ನ ಮಟ್ಟಿಗೆ ಎಣಿಕೆಯೇ ಅಲ್ಲ, ಬೇರೆ ಬೇರೆ ಫೋಕಸಿನ ಐದಾರು ಚಿತ್ರಗಳಾದರೂ ಬೇಕು.

ಹೀಗೆ ಎಣಿಸುವಾಗ ಒಮ್ಮೆ ಎಡಕ್ಕೆ ಹನ್ನೊಂದು, ಬಲಕ್ಕೆ ಹನ್ನೆರಡು ಗೆರೆ ಬಂದವು. ಆರೂ ಚಿತ್ರಗಳಲ್ಲಿ ಅದೇ ಲೆಕ್ಕ. ನಳಿಕೆಯುದ್ದಕ್ಕೂ ಸರಿಯುತ್ತ ಹೋದಾಗ, ಎಡಬದಿಯಲ್ಲಿ ಒಳಗಿನ ಗೋಡೆಯೊಂದು ನಡುವೆಯೇ ನಿಂತುಹೋದ ಜಾಗ ಸಿಕ್ಕಿತು.