ಶಿರಸಿಯ ಅಂಗಡಿಯ ಫೋಲ್ಡರ್ ಬೆಂಗಳೂರಿನಲ್ಲಿ ತೆರೆಯುವುದು ಹೇಗೆ?

ನಮ್ಮ ಮಾವನ ಅಂಗಡಿ ಇರುವುದು ಶಿರಸಿಯಲ್ಲಿ. ಬಿಲ್ಲು, ಎಕ್ಸೆಲ್ ಹಾಳೆ, ಸ್ಕ್ಯಾನ್ ಮಾಡಿದ ರಸೀದಿ ಎಲ್ಲವೂ ಅಲ್ಲಿನ ಕಂಪ್ಯೂಟರ್‌ನಲ್ಲಿವೆ. ಲೆಕ್ಕ ನೋಡುವ ಮಗಳು ಮಾತ್ರ ಬೆಂಗಳೂರಿನಲ್ಲಿ. ಮೊದಲು ಪೆನ್‌ಡ್ರೈವ್ ಬಸ್ಸಿನಲ್ಲಿ ಬರುತ್ತಿತ್ತು, ಆಮೇಲೆ ವಾಟ್ಸಾಪ್ ಶುರುವಾಯಿತು. ಒಂದೇ ಹಾಳೆಗೆ ನಾಲ್ಕು ಪ್ರತಿ. ಯಾವುದು ಹೊಸದು ಅಂತ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಇಂಥ ಮನೆಗಳು ತುಂಬ ಇವೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ತೊಡಕು ಎಲ್ಲಿದೆ ನೋಡೋಣ. ನಿಮ್ಮ ಕಂಪ್ಯೂಟರ್‌ಗೆ 192.168 ಅಂತ ಶುರುವಾಗುವ ವಿಳಾಸ ಇರುತ್ತದೆ, ಅಲ್ವಾ? ಅದು ವಠಾರದೊಳಗಿನ ಮನೆ ನಂಬರ್ ಇದ್ದ ಹಾಗೆ. ಒಳಗಿನವರಿಗೆ ಸಾಕು, ಹೊರಗಿನಿಂದ ಬರುವವರಿಗೆ ಉಪಯೋಗವಿಲ್ಲ. ಹಳೆಯ ಪದ್ಧತಿಯ ಇಂಟರ್‌ನೆಟ್ ವಿಳಾಸಗಳು ಇರುವುದೇ ಸುಮಾರು 429 ಕೋಟಿ. ಅವು ಸಾಲದೆ, ಅನೇಕ ಇಂಟರ್‌ನೆಟ್ ಕಂಪನಿಗಳು ಎಷ್ಟೋ ಮನೆಗಳಿಗೆ ಸೇರಿಸಿ ಒಂದೇ ಹೊರ ವಿಳಾಸ ಕೊಡುತ್ತವೆ. ಹಾಗಾಗಿ ಹೊರಗಿನಿಂದ ನೇರವಾಗಿ ನಿಮ್ಮ ಮನೆಗೆ ದಾರಿಯೇ ಇರುವುದಿಲ್ಲ.

ಇಲ್ಲೇ ಜನ ಅಡ್ಡದಾರಿ ಹಿಡಿಯುತ್ತಾರೆ. ಪಬ್ಲಿಕ್ ಐಪಿ, ಅಂದರೆ ತಮಗಷ್ಟೇ ಸೇರಿದ ಹೊರ ವಿಳಾಸ ಕೊಂಡು, ರೌಟರ್‌ನಲ್ಲಿ 445ನೇ ಪೋರ್ಟ್ ತೆರೆದುಬಿಡುತ್ತಾರೆ. ದಯವಿಟ್ಟು ಮಾಡಬೇಡಿ. ವಿಂಡೋಸ್ ಫೋಲ್ಡರ್ ಹಂಚುವುದು ಆ ಬಾಗಿಲಿನಿಂದಲೇ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನುವ ವೈರಸ್ ಜಗತ್ತಿಡೀ ಹರಡಿದ್ದೂ ಅದೇ ಬಾಗಿಲಿನಿಂದ. ಮಾವನ ಅಂಗಡಿಯಲ್ಲಿ ಯಾರೋ ಹುಡುಗ ಇದನ್ನು ತೆರೆದಿಟ್ಟು ಹೋಗಿದ್ದ. ನಾನು ನೋಡಿದ ದಿನವೇ ಮುಚ್ಚಿಸಿದೆ.

ಸರಿಯಾದ ದಾರಿ ಎಂದರೆ ನಿಮ್ಮ ಕಂಪ್ಯೂಟರ್‌ಗಳ ನಡುವೆ ಮಾತ್ರ ಇರುವ ಖಾಸಗಿ ಜಾಲ. ಅದಕ್ಕೆ ನಾನು ಟೇಲ್‌ಸ್ಕೇಲ್ ಅನ್ನುವ ಸಾಫ್ಟ್‌ವೇರ್ ಬಳಸುತ್ತೇನೆ, ಬೇರೆಯವರಿಗೂ ಅದನ್ನೇ ಹಾಕಿಕೊಡುತ್ತೇನೆ. ಇದು ಮಾಹಿತಿಯನ್ನು ಗುಟ್ಟಾಗಿ ಸಾಗಿಸುವ ವೈರ್‌ಗಾರ್ಡ್ ತಂತ್ರದ ಮೇಲೆ ನಡೆಯುತ್ತದೆ, ಮನೆ ಬಳಕೆಗೆ ಉಚಿತ. ಜಾಹೀರಾತು ತೋರಿಸುವ ಫ್ರೀ ವಿಪಿಎನ್‌ಗಳನ್ನು ಇದಕ್ಕೆ ಹಾಕಬೇಡಿ. ಅವು ನಿಮ್ಮನ್ನು ಅವರ ಸರ್ವರ್‌ಗೆ ಜೋಡಿಸುತ್ತವೆಯೇ ಹೊರತು ನಿಮ್ಮ ಎರಡು ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವುದಿಲ್ಲ.

ಹೆಜ್ಜೆ ಒಂದು: ಎರಡೂ ಕಂಪ್ಯೂಟರ್‌ಗಳಲ್ಲಿ ಟೇಲ್‌ಸ್ಕೇಲ್ ಹಾಕಿ, ಒಂದೇ ಗೂಗಲ್ ಖಾತೆಯಿಂದ ಒಳಹೋಗಿ. ಎರಡಕ್ಕೂ 100ರಿಂದ ಶುರುವಾಗುವ ವಿಳಾಸ ಸಿಗುತ್ತದೆ. ಅಂಗಡಿಯದ್ದನ್ನು ಬರೆದಿಟ್ಟುಕೊಳ್ಳಿ. ಅಷ್ಟೇ.

ಹೆಜ್ಜೆ ಎರಡು: ಇದು ಕಷ್ಟದ ಜಾಗ. ಹತ್ತರಲ್ಲಿ ಒಂಬತ್ತು ಜನ ಸಿಕ್ಕಿಬೀಳುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ಮಾಡಿ.

ಬೆಂಗಳೂರಿನಿಂದ ಫೋಲ್ಡರ್ ತೆರೆಯಲು ಹೋದರೆ ವಿಂಡೋಸ್ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಜನ ದಿನಾ ಹೊಡೆಯುವ ನಾಲ್ಕಂಕಿಯ ಪಿನ್ ಹಾಕುತ್ತಾರೆ. ಪಿನ್ ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ, ದೂರದಿಂದ ಅದು ನಡೆಯುವುದಿಲ್ಲ. ಪಾಸ್‌ವರ್ಡೇ ಇಲ್ಲದ ಖಾತೆಯನ್ನೂ ವಿಂಡೋಸ್ ದೂರದಿಂದ ಒಳಗೆ ಬಿಡುವುದಿಲ್ಲ. ಆಗ ಬೇಸತ್ತು 'ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್' ಆಫ್ ಮಾಡಿ, 'ಎವ್ರಿವನ್'ಗೆ ಪೂರ್ತಿ ಅಧಿಕಾರ ಕೊಡುತ್ತಾರೆ. ಹಾಗೆ ಮಾಡಿದರೆ ಅಂಗಡಿಯ ವೈಫೈ ಹಿಡಿದ ಗಿರಾಕಿಯೂ ನಿಮ್ಮ ಲೆಕ್ಕ ಅಳಿಸಬಹುದು.

ಇದರ ಬದಲು ಅಂಗಡಿಯ ಕಂಪ್ಯೂಟರ್‌ನಲ್ಲಿ ಇದಕ್ಕೆಂದೇ ಒಂದು ಬೇರೆ ಖಾತೆ ಮಾಡಿ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್‌ಗೆ ಹೋಗಿ. ಮೈಕ್ರೋಸಾಫ್ಟ್ ಇಮೇಲ್ ಕೇಳಿದಾಗ ಕೊಡಬೇಡಿ, ಆ ವ್ಯಕ್ತಿಯ ಮಾಹಿತಿ ನನ್ನ ಬಳಿ ಇಲ್ಲ ಅನ್ನುವ ಕೆಳಗಿನ ಸಾಲು ಒತ್ತಿ. ಮುಂದಿನ ಪರದೆಯಲ್ಲಿ ಮೈಕ್ರೋಸಾಫ್ಟ್ ಖಾತೆ ಇಲ್ಲದ ಬಳಕೆದಾರ ಅನ್ನುವುದನ್ನು ಆರಿಸಿ. ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಖಾಲಿ ಜಾಗ ಇಲ್ಲದೆ 'ಲೆಕ್ಕ' (lekka) ಅಂತಿಡಿ. ಪಾಸ್‌ವರ್ಡ್ ಉದ್ದವಾಗಿರಲಿ.

ಈಗ ಡಿ ಡ್ರೈವ್‌ನಲ್ಲಿ ಹಂಚಬೇಕಾದ ಫೋಲ್ಡರ್ ಮಾಡಿ. ಇಡೀ ಡ್ರೈವ್ ಹಂಚಬೇಡಿ. ಅದರ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್, ಅಡ್ವಾನ್ಸ್ಡ್ ಶೇರಿಂಗ್, ಪರ್ಮಿಶನ್ಸ್. 'ಎವ್ರಿವನ್' ತೆಗೆದು 'ಲೆಕ್ಕ' ಖಾತೆಯನ್ನು ಸೇರಿಸಿ, ಓದುವ ಮತ್ತು ಬದಲಿಸುವ ಅನುಮತಿ ಕೊಡಿ. ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಪಕ್ಕದ ಸೆಕ್ಯುರಿಟಿ ಟ್ಯಾಬ್‌ನಲ್ಲೂ ಅದೇ ಖಾತೆ ಸೇರಿಸಿ 'ಮಾಡಿಫೈ' ಕೊಡಬೇಕು. ವಿಂಡೋಸ್ ಎರಡೂ ಕಡೆ ನೋಡುತ್ತದೆ, ಯಾವುದು ಹೆಚ್ಚು ಬಿಗಿಯೋ ಅದೇ ನಡೆಯುತ್ತದೆ. ಫೋಲ್ಡರ್ ತೆರೆಯುತ್ತದೆ, ಸೇವ್ ಮಾತ್ರ ಆಗುವುದಿಲ್ಲ ಅಂದರೆ ಈ ಎರಡನೇ ಕಡೆ ಬಿಟ್ಟುಹೋಗಿರುತ್ತದೆ.

ಬೆಂಗಳೂರಿನ ಕಂಪ್ಯೂಟರ್‌ನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ. ತೆರೆಯುವ ಪೆಟ್ಟಿಗೆಯಲ್ಲಿ ಹೀಗೆ ಹೊಡೆಯಿರಿ: ಎರಡು ಹಿಂದೋರೆ ಗೆರೆ (ಬ್ಯಾಕ್‌ಸ್ಲ್ಯಾಶ್, \), ಅಂಗಡಿಯ 100ರ ವಿಳಾಸ, ಇನ್ನೊಂದು ಹಿಂದೋರೆ ಗೆರೆ, ಹಂಚಿದ ಫೋಲ್ಡರ್ ಹೆಸರು. ಬಳಕೆದಾರರ ಹೆಸರು ಕೇಳಿದಾಗ ಬರೀ 'ಲೆಕ್ಕ' ಅಂತ ಹಾಕದೆ, ಅಂಗಡಿ ಕಂಪ್ಯೂಟರ್‌ನ ಹೆಸರು, ಹಿಂದೋರೆ ಗೆರೆ, ಆಮೇಲೆ 'ಲೆಕ್ಕ' ಅಂತ ಹಾಕಿ. ಎಲ್ಲ ಸರಿಯಿದ್ದೂ ಬೇಡ ಅನ್ನುತ್ತಿದ್ದರೆ ಹಿಂದೊಮ್ಮೆ ಹಾಕಿದ ತಪ್ಪು ಪಾಸ್‌ವರ್ಡ್ ವಿಂಡೋಸ್‌ನ ನೆನಪಿನಲ್ಲಿರುತ್ತದೆ. ಆ ಪಾಸ್‌ವರ್ಡ್‌ಗಳನ್ನು ಇಟ್ಟಿರುವ ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆದು ಹಳೆಯದನ್ನು ಅಳಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಈ ಒಂದು ಕಾರಣಕ್ಕೆ ನಾನು ಒಂದಿಡೀ ಭಾನುವಾರ ಕಳೆದಿದ್ದೇನೆ. ಏನೂ ಉತ್ತರವೇ ಬರದಿದ್ದರೆ ಅಂಗಡಿಯ ಟೇಲ್‌ಸ್ಕೇಲ್‌ನಲ್ಲಿ 'ಅಲೋ ಇನ್‌ಕಮಿಂಗ್ ಕನೆಕ್ಷನ್ಸ್'ಗೆ ಟಿಕ್ ಇದೆಯಾ ನೋಡಿ.

ಹೆಜ್ಜೆ ಮೂರು: ಅಂಗಡಿಯ ಕಂಪ್ಯೂಟರ್ ಮಲಗದಂತೆ ಪವರ್ ಸೆಟ್ಟಿಂಗ್ ಬದಲಿಸಿ. ಟೇಲ್‌ಸ್ಕೇಲ್‌ನ ಅಡ್ಮಿನ್ ಪುಟದಲ್ಲಿ ಆ ಯಂತ್ರಕ್ಕೆ 'ಡಿಸೇಬಲ್ ಕೀ ಎಕ್ಸ್‌ಪೈರಿ' ಕೊಡಿ. ಇಲ್ಲದಿದ್ದರೆ ಸಾಮಾನ್ಯವಾಗಿ 180 ದಿನಕ್ಕೆ ಅದು ಮತ್ತೆ ಲಾಗಿನ್ ಕೇಳುತ್ತದೆ, ಆಗ ಶಿರಸಿಗೆ ಫೋನ್ ಮಾಡಿ ಮಾವನಿಂದ ಮಾಡಿಸಬೇಕಾಗುತ್ತದೆ.

ವೇಗದ ಬಗ್ಗೆ ಒಂದು ಮಾತು. ನಿಮಗೆ ಫೈಲ್ ಬರುವುದು ಅಂಗಡಿಯ ಅಪ್‌ಲೋಡ್ ವೇಗದಲ್ಲಿ. ಅದು 10 ಎಂಬಿಪಿಎಸ್ ಇದ್ದರೆ 5 ಜಿಬಿ ಬರಲು ಒಂದು ಗಂಟೆಗೂ ಜಾಸ್ತಿ ಬೇಕು. ಚಿಕ್ಕ ಎಕ್ಸೆಲ್ ಹಾಳೆಯನ್ನು ಅಲ್ಲೇ ತೆರೆದು ತಿದ್ದಬಹುದು. ಲೆಕ್ಕದ ಸಾಫ್ಟ್‌ವೇರ್‌ನ ಡೇಟಾವನ್ನು ಮಾತ್ರ ದೂರದಿಂದ ನೇರವಾಗಿ ತೆರೆಯಬೇಡಿ. ಬರೆಯುತ್ತಿರುವಾಗ ನೆಟ್ ಹೋದರೆ ಫೈಲ್ ಕೆಡಬಹುದು. ಪ್ರತಿ ಮಾಡಿಕೊಂಡು ನೋಡಿ.

ಇಷ್ಟೆಲ್ಲ ಮಾಡಿ ಅಂಗಡಿಯಲ್ಲೇ ಕೂತು, ಅಲ್ಲಿನ ವೈಫೈನಲ್ಲೇ ಪರೀಕ್ಷೆ ಮಾಡಿ ಬಸ್ ಹತ್ತಬೇಡಿ. ಬೆಂಗಳೂರಿನ ಲ್ಯಾಪ್‌ಟಾಪನ್ನು ನಿಮ್ಮ ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ ಫೋಲ್ಡರ್ ತೆರೆಯಿರಿ. ಅದರಲ್ಲಿ ಒಂದು ಹೊಸ ಫೈಲ್ ಮಾಡಿ, ಹೆಸರು ಬದಲಿಸಿ, ಅಳಿಸಿ. ಆಮೇಲೆ ಅಂಗಡಿಯ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಯಾರೂ ಮುಟ್ಟದೆ ಇನ್ನೊಮ್ಮೆ ತೆರೆದು ನೋಡಿ. ತೆರೆಯದಿದ್ದರೆ ಟೇಲ್‌ಸ್ಕೇಲ್‌ನಲ್ಲಿ 'ರನ್ ಅನ್‌ಅಟೆಂಡೆಡ್' (ಯಾರೂ ಲಾಗಿನ್ ಆಗದೆಯೂ ನಡೆಯುವುದು) ಆನ್ ಮಾಡಿ, ಮತ್ತೆ ರೀಸ್ಟಾರ್ಟ್ ಮಾಡಿ ನೋಡಿ. ಅದು ತೆರೆದ ಮೇಲೆ ಊರಿಗೆ ಹೊರಡಿ.